ಸ್ವೆಟರಿನ ಕುತ್ತಿಗೆಯ ಚೀಟಿ

ನನ್ನ ಗಂಡ ಮಧ್ಯಾಹ್ನದ ಪಾಳಿಗೆ ಹೊರಡಲು ಇನ್ನೆರಡು ಗಂಟೆ ಇತ್ತು. ಅವರ ಒಂದೇ ಒಂದು ಬೆಚ್ಚನೆಯ ಸ್ವೆಟರ್ ಬಕೆಟ್ಟಿನಲ್ಲಿ ಒದ್ದೆಯಾಗಿ ಬಿದ್ದಿತ್ತು. ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣಿನ ಪೆಟ್ಟಿಗೆ ಜೋಡಿಸುವ ಕೆಲಸ ಅವರದು. ಬೆಳಿಗ್ಗೆ ಮೈಮೇಲೆ ಹಾಲು ಚೆಲ್ಲಿಕೊಂಡದ್ದು ಅವರು, ಹಿಂದೆಮುಂದೆ ನೋಡದೆ ನೆನೆಹಾಕಿದ್ದು ನಾನು.

ಡ್ರೈಯರ್ ಇದೆಯಲ್ಲ ಅಂದುಕೊಂಡೆ. ಆದರೆ ಚೀಟಿ ಓದದೆ ನಾನು ಕರವಸ್ತ್ರವನ್ನೂ ಡ್ರೈಯರಿಗೆ ಹಾಕುವವಳಲ್ಲ. ಕುತ್ತಿಗೆಯ ಹತ್ತಿರ ನೋಡಿದೆ. ಚೌಕದೊಳಗೆ ವೃತ್ತ, ಮೇಲೆ ಇಂಟು ಗುರುತು: ಡ್ರೈಯರ್ ಬೇಡ. ಅದರ ಕೆಳಗೆ, 'ಶುದ್ಧ ನೈಲಾನ್. ಅಳತೆ: ಆರು ವರ್ಷ.'

ತಪ್ಪು ನನ್ನ ಕಣ್ಣಿನದೇ ಇರಬೇಕೆಂದು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಗಂಡ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರುವವರು.

"ಅತ್ತೆ, ಈ ಸ್ವೆಟರ್ ಯಾವ ಅಂಗಡೀಲಿ ತಂದಿರಿ?"

ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಯಾಕೆ, ಹರಿದಿದ್ಯಾ?"

"ಇಲ್ಲ. ಆರು ವರ್ಷದ ಮಗೂದು ಅಂತ ಬರ್ದಿದೆ."

ಸೂಜಿ ನಿಂತಿತು. "ಮೆತ್ತಗೆ ಮಾತಾಡೇ. ಪಕ್ಕದ ರೂಮಲ್ಲಿ ಮಲಗಿದ್ದಾನೆ."

ಆ ಸ್ವೆಟರ್ ಹೆಣೆದವರು ಅತ್ತೆಯೇ. ಅಮ್ಮ ಹೆಣೆದದ್ದೆಂದು ಗೊತ್ತಾದರೆ ಜೊತೆಯವರು ಆಡಿಕೊಳ್ಳುತ್ತಾರೆಂದು ಮಗ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಮೊಮ್ಮಗಳ ಹಳೆಯ ಫ್ರಾಕಿನ ಚೀಟಿ ಬಿಚ್ಚಿ ಇದಕ್ಕೆ ಹೊಲಿದು, ಅಂಗಡಿಯದು ಅಂತ ಕೊಟ್ಟಿದ್ದರಂತೆ.

"ಹಾಗಾದ್ರೆ ಡ್ರೈಯರಿಗೆ ಹಾಕಬಹುದಾ?"

"ನನಗೇನು ಗೊತ್ತು? ಆ ಚೀಟಿ ಹೇಳಿದ್ದು ಫ್ರಾಕಿಗೆ. ನನ್ನ ಉಲ್ಲನ್ನಿಗೆ ಯಾರೂ ಏನೂ ಹೇಳಿಲ್ಲ."

"ಕುಗ್ಗಿದ್ರೆ?"

"ಕುಗ್ಗಿದ್ರೆ ಚೀಟಿಯ ಅಳತೆಗೆ ಸರಿಹೋಗುತ್ತೆ."

ನಕ್ಕರು. ನಗು ಅರ್ಧಕ್ಕೇ ನಿಂತಿತು. ಈಗೀಗ ಅವರ ಬೆರಳುಗಳು ಹಿಡಿದುಕೊಳ್ಳುತ್ತವೆ. ಇಷ್ಟು ದೊಡ್ಡದನ್ನು ಮತ್ತೊಮ್ಮೆ ಹೆಣೆಯಲಾಗದೆಂದು ಇಬ್ಬರಿಗೂ ಗೊತ್ತಿತ್ತು. ಗಂಡ ಚಳಿಯಲ್ಲಿ ನಡುಗುವುದೋ, ಸ್ವೆಟರನ್ನೇ ಕಳೆದುಕೊಳ್ಳುವುದೋ, ನನಗೆ ತೋಚಲಿಲ್ಲ.

"ಅದೇ ದಾರ ಉಳಿದಿದ್ಯಾ ಅತ್ತೆ?"

ಉಳಿದಿತ್ತು. ಅಂಗೈಯಗಲದ ಒಂದು ಚೂರನ್ನು ಅತ್ತೆ ನಿಧಾನವಾಗಿ ಹೆಣೆದುಕೊಟ್ಟರು. ಅದನ್ನು ನೆನೆಸಿ ಹಿಂಡಿ, ಒದ್ದೆ ಟವೆಲುಗಳ ಜೊತೆ ಡ್ರೈಯರಿಗೆ ಹಾಕಿದೆ. ಗಾಜಿನ ಬಾಗಿಲ ಮುಂದೆ ಇಬ್ಬರೂ ಸ್ಟೂಲ್ ಎಳೆದುಕೊಂಡು ಕೂತೆವು. ನೀಲಿ ಚೂರು ಟವೆಲುಗಳ ನಡುವೆ ಕಂಡಾಗಲೆಲ್ಲ ಅತ್ತೆ "ಅಗೋ" ಎನ್ನುತ್ತಿದ್ದರು.

ಹೊರತೆಗೆದರೆ ಅರ್ಧಕ್ಕೆ ಇಳಿದಿತ್ತು. ಹೆಣಿಗೆಯ ಗುರುತೇ ಇಲ್ಲ, ರಟ್ಟಿನಷ್ಟು ದಪ್ಪ. ಫ್ರಾಕಿನ ಚೀಟಿಯನ್ನು ನಂಬಲು ಕಾರಣವಿರಲಿಲ್ಲ. ನಂಬಿದ್ದರೂ ನಷ್ಟವಾಗುತ್ತಿರಲಿಲ್ಲ. ಇದರಿಂದ ನಾನು ಏನು ಕಲಿತೆನೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ಸ್ವೆಟರನ್ನು ಒಣ ಬಟ್ಟೆಯ ಮೇಲೆ ಹರವಿಟ್ಟೆ.

ಗಂಡ ಎದ್ದು ಬಂದರು. "ಸ್ವೆಟರ್ ಒಣಗ್ತಾ?"

"ಇಲ್ಲಪ್ಪ. ಡ್ರೈಯರಿಗೆ ಹಾಕಬೇಡಿ ಅಂತ ಕಂಪನಿಯವರೇ ಬರ್ದಿದ್ದಾರೆ," ಅಂದರು ಅತ್ತೆ, ಮುಖದ ಒಂದು ಗೆರೆಯೂ ಅಲುಗದೆ.

"ಒಳ್ಳೆ ಕಂಪನಿ ಅಂದ್ರೆ ಹಾಗೇ ಅಮ್ಮ, ಎಲ್ಲಾ ಬರ್ದಿರ್ತಾರೆ."

ಎರಡು ಅಂಗಿಗಳ ಮೇಲೆ ನನ್ನ ಕೋಟನ್ನು ಹೇಗೋ ತೂರಿಸಿಕೊಂಡು ಹೊರಟರು. ತೋಳು ಮೊಣಕೈಯಿಂದ ಸ್ವಲ್ಪವೇ ಕೆಳಗೆ ಬಂದಿತ್ತು.

ಬಾಗಿಲು ಹಾಕಿ ಬಂದಾಗ ಅತ್ತೆ ಆ ಚೂರನ್ನು ಎಳೆದು, ಬಾಯಿಂದ ಊದಿ ನೋಡುತ್ತಿದ್ದರು.

"ಗಾಳೀನೇ ನುಗ್ಗಲ್ಲ ನೋಡು. ನನ್ನ ಹಳೇ ಶಾಲೂ ಉಲ್ಲನ್ನಿಂದೇ. ಅದನ್ನ ಕುಗ್ಗಿಸಿದ್ರೆ ಅವನಿಗೊಂದು ಜೊತೆ ಕೈಗವಸು ಕತ್ತರಿಸಬಹುದೇನೋ?"

ನಾನು ಶಾಲು ನೆನೆಸಲು ನಲ್ಲಿ ತಿರುಗಿಸಿದೆ.