ಖಾಲಿ ತೊಟ್ಟಿಯ ಬಾಣಂತನ

ಶೌಚದ ತೊಟ್ಟಿ ಬರಿದಾಗಿ, ಕೊಳವೆ ಸುತ್ತಿ, ಲಾರಿಯ ಬಾಯಿ ಮುಚ್ಚಿದ ಮೇಲೆ ಎಂಥವನೂ ಮೂಗು ಹಿಡಿದುಕೊಂಡು ಓಡುವ ಗಳಿಗೆಯಲ್ಲಿ, ತೊಟ್ಟಿ ಬರಿದು ಮಾಡಲು ಬಂದ ಆ ಮನುಷ್ಯ ಮೊಣಕಾಲೂರಿ ಮುಚ್ಚಳಕ್ಕೆ ಕಿವಿಯಿಟ್ಟು ಧ್ಯಾನಸ್ಥರಾಗಿಬಿಡುತ್ತಿದ್ದರು. ಒಳಗಿನ ಆ ಶೂನ್ಯದಲ್ಲಿ ಟಪ್ ಎಂದು ಒಂದು ಹನಿ ಬಿದ್ದ ಸದ್ದು ಕೇಳಿದರೂ ಸಾಕು, ಮನೆಯ ಯಾವ ನಲ್ಲಿ ಸೋರುತ್ತಿದೆಯೆಂದು ಪತ್ತೆ ಹಚ್ಚಿ, ಬೇಸಗೆಯಲ್ಲೂ ಕಳಚದ ತಮ್ಮ ಕಂದು ಕೋಟಿನ ಜೇಬಿನಿಂದ ಒಂದು ವಾಷರು ತೆಗೆದು ಹಾಕಿಯೇ ಮುಂದಿನ ಮಾತು. ಹೆಗಲ ಮೇಲೆ ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಕೋಲು. ತೊಟ್ಟಿಯ ನೀರು ಇಂಗುವ ನೆಲ ಬಂದರೆ, ಮಗು ಮಲಗಿದ ತೊಟ್ಟಿಲನ್ನು ದಾಟುವವರಂತೆ ಅಂಚಿನಲ್ಲೇ ಸುತ್ತುಬಳಸಿ ನಡೆಯುತ್ತಿದ್ದರು.

"ಖಾಲಿಯಾದ ತೊಟ್ಟಿ ಅಂದ್ರೆ ಹಸಿ ಬಾಣಂತಿ ಕಣ್ರಪ್ಪಾ" ಎಂಬುದು ಅವರ ಸಿದ್ಧಾಂತ. ಅದಕ್ಕೇ ನಮ್ಮ ಬೀದಿ ಆ ಗಂಡಸಿಗೆ ಸೂಲಗಿತ್ತಿ ಎಂದು ಹೆಸರಿಟ್ಟಿತ್ತು. ಕರೆದರೆ ಕೋಪವಿಲ್ಲ, "ಏನು?" ಎಂದು ತಿರುಗುತ್ತಿದ್ದರು.

ಅಮ್ಮನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ, ಇನ್ನು ಹತ್ತು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಮನೆಗಿರುವುದು ಒಂದೇ ಶೌಚಾಲಯ. ಮುಂಜಾಗ್ರತೆಗೆಂದು ಇವರನ್ನೇ ಕರೆಸಿ ತೊಟ್ಟಿ ಬರಿದು ಮಾಡಿಸಿದೆ. ಕೆಲಸ ಮುಗಿದರೂ ಇವರ ಪಥ್ಯದ ಪಟ್ಟಿ ಮುಗಿಯದು: "ಹದಿನೈದು ದಿನ ಫಿನಾಯಿಲ್ ಬೇಡ, ಆಸಿಡ್ ಬೇಡ, ಆಯ್ತಾ? ಬಟ್ಟೆ ಗುಡ್ಡೆ ಹಾಕಿ ಒಂದೇ ದಿನ ಒಗೀಬೇಡಿ, ಆಯ್ತಾ? ನೀರು ಇಂಗೋ ಜಾಗದ ಮೇಲೆ ಭಾರ ಹೇರಬೇಡಿ, ಆಯ್ತಾ?" ಎಂಟನೆಯ 'ಆಯ್ತಾ'ಕ್ಕೆ ನನ್ನ ಪಿತ್ತ ನೆತ್ತಿಗೇರಿತು. "ಆಯ್ತು ಸ್ವಾಮಿ! ತೊಟ್ಟಿ ಖಾಲಿಯಾಯ್ತಲ್ಲ, ಇನ್ನು ನೀವೂ ಜಾಗ ಖಾಲಿ ಮಾಡಿ!"

ಹೋದರು. ನಾನು ಮಾಡಿದ್ದೇನು? ಹೊಲಿಗೆ ಹಾಕಿಸಿಕೊಂಡ ಅಮ್ಮ ಬರುವ ಮನೆ ಶುದ್ಧವಾಗಿರಲಿ ಎಂದು, ಕುಡಿಯುವ ನೀರಿನ ತೊಟ್ಟಿಯಷ್ಟೇ ಚೊಕ್ಕ ಮಾಡುವವನಂತೆ, ಮೂರು ಬಾಟಲಿ ಫಿನಾಯಿಲನ್ನು ಶೌಚಾಲಯಕ್ಕೆ ಒಂದೇ ಏಟಿಗೆ ಸುರಿದೆ. ಅಮ್ಮನ ಗಾಲಿಕುರ್ಚಿಗೆ ಬಾಗಿಲಲ್ಲಿ ಇಳಿಜಾರು ಕಟ್ಟಲು ತರಿಸಿದ ಇಟ್ಟಿಗೆಯನ್ನು ಸರಿಯಾಗಿ ಆ ಇಂಗುವ ನೆಲದ ಮೇಲೇ ಪೇರಿಸಿದೆ. ಆರನೆಯ ದಿನಕ್ಕೆ ಬಚ್ಚಲಿಗೆ ಕಾಲಿಡಲಾಗದ ನಾತ. ನೀರು ಗೊಳಗೊಳ ಎನ್ನುತ್ತ ಒಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು. ಅಮ್ಮ ಬರಲು ನಾಲ್ಕೇ ದಿನ.

"ಆ ಹಿರಿಯರ ಮಾತು ಕೇಳಿದ್ರೆ ನಿಮ್ಮ ಮೀಸೆ ಉದುರಿ ಹೋಗ್ತಿತ್ತಾ?" ಎಂದಳು ಹೆಂಡತಿ. ಬೈದು ಅಟ್ಟಿದವರನ್ನು ಯಾವ ಮುಖ ಹೊತ್ತು ಕರೆಯಲಿ?

ಮರುದಿನ ಬೆಳಿಗ್ಗೆ ಅವರೇ ಬಂದರು. ವಾರಕ್ಕೊಮ್ಮೆ ಬಂದು ನೋಡುವುದು ಅವರ ಪದ್ಧತಿಯಂತೆ. ಗೇಟಿನಲ್ಲೇ ಮೂಗರಳಿಸಿ, "ಎಷ್ಟು ಬಾಟ್ಲಿ?" ಎಂದರು.

"ಯಾವ ಬಾಟ್ಲಿ? ನಾನೇನು ಕುಡುಕನಾ?"

"ಮೂರು!" ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ.

ಅವರು ಒಂದು ಮಾತೂ ಬೈಯಲಿಲ್ಲ. ನಾನು ಕಂಡಂತೆ ಮೊದಲ ಸಲ ಕೋಟು ಬಿಚ್ಚಿ ಗೇಟಿಗೆ ತೂಗುಹಾಕಿ, ಇಟ್ಟಿಗೆಗಳನ್ನು ಎರಡೆರಡಾಗಿ ಎತ್ತಿ ಅಂಗಳದ ಆಚೆ ಬದಿಗೆ ಸಾಗಿಸತೊಡಗಿದರು. ನಾಲ್ಕು ಸಲ ನೋಡಿದೆ. ಐದನೆಯ ಸಲಕ್ಕೆ ನನ್ನ ಕೈ ತಾನಾಗಿ ಇಟ್ಟಿಗೆಗೆ ಹೋಯಿತು. ಕೊನೆಗೆ ಅವರು ಮುಚ್ಚಳ ಸರಿಸಿ ಕೋಲು ಇಳಿಬಿಟ್ಟು, ಬಟ್ಟೆಯ ಮೇಲಿನ ಕಲೆಯನ್ನು ನಾಡಿ ಹಿಡಿದ ಪಂಡಿತರಂತೆ ಪರಿಶೀಲಿಸಿದರು. "ಕೊಳೆ ಕರಗಿಸೋ ಒಳಗಿನ ಜೀವಾಣು ಸತ್ತಿಲ್ಲ, ಮೂರ್ಛೆ ಹೋಗಿದೆ. ಇನ್ನು ಯಾವ ಔಷಧಾನೂ ಬೇಡ. ನೀರು ಹಿಡಿತದಲ್ಲಿ ಬಿಡಿ, ಅದರ ಪಾಡಿಗೆ ಅದು ಎದ್ದು ಕೂರುತ್ತೆ. ಆಯ್ತಾ?"

"ಆಯ್ತು" ಎಂದೆ, ಮೆಲ್ಲಗೆ.

ಬಟ್ಟೆಯ ಗಂಟು ತಂಗಿಯ ಮನೆಗೆ ಹೋಯಿತು. ಸ್ನಾನ ಒಂದೊಂದು ಬಕೆಟ್ಟಿಗೆ ಇಳಿಯಿತು. ಅಮ್ಮ ಬಂದ ದಿನ ನೀರು ಸದ್ದಿಲ್ಲದೆ ಇಳಿಯಿತು. ನಾತ ಹುಡುಕಿದರಷ್ಟೇ ಸಿಗುವಷ್ಟಿತ್ತು. ಸಂಜೆ ಅವರು ಇಣುಕಿದಾಗ ಅಮ್ಮ ಕುರ್ಚಿಯಿಂದಲೇ ಕೇಳಿದಳು: "ನನಗೂ ತೊಟ್ಟಿಗೂ ಒಂದೇ ಪಥ್ಯವಂತೆ, ಹೌದೇನಪ್ಪಾ?"

"ನಿಮಗೆ ನಾಲ್ಕು ಹೆಜ್ಜೆ ಓಡಾಡೋ ಅಪ್ಪಣೆಯಾದ್ರೂ ಇದೆ ಅಮ್ಮಾ, ಪಾಪ, ಅದಕ್ಕೆ ಅದೂ ಇಲ್ಲ."

ಅಮ್ಮ ಸೊಂಟ ಹಿಡಿದುಕೊಂಡು ನಕ್ಕಳು.

ಕೆಲಸ ಮುಗಿಸಿ ಕೈ ತೊಳೆದುಕೊಳ್ಳುವವರಿಗೆ ಲೋಕದಲ್ಲಿ ಬರವಿಲ್ಲ. ಮುಗಿದ ಕೆಲಸ ಹೇಗಿದೆಯೆಂದು ವಾರದ ಮೇಲೆ ಬಂದು ಗೇಟು ತಟ್ಟುವವರು ವಿರಳ. ಬೈದರೆ ಅವರು ಮುನಿಯುವುದಿಲ್ಲ, ಹೊಗಳಿದರೆ ಕೇಳಿಸಿಕೊಳ್ಳಲು ನಿಲ್ಲುವುದಿಲ್ಲ. ಅಂಥವರ ದೆಸೆಯಿಂದಲೇ ಎಷ್ಟೋ ಮನೆಗಳಲ್ಲಿ ನೆಲದ ಮೇಲಿನವರು ನೆಲದಡಿಯದನ್ನು ಮರೆತು ನೆಮ್ಮದಿಯಾಗಿದ್ದಾರೆ.