ಕೆಜಿಯಾಳ ಸಾಲು

"ಮೆಲ್ಲಗೆ ಇಳಿಸ್ರಪ್ಪಾ, ಆಲೂಗಡ್ಡೆ ಮೂಟೆ ಅಲ್ಲ ಅದು," ಎಂದು ಕ್ಲೆಮ್ ಟ್ರೆಂಬಾತ್ ಗದರಿದ. ಹೊತ್ತು ತಂದ ಆರು ಜನ ಅವನ ತಂಗಿ ಎಲ್ವಾಳ ಶವಪೆಟ್ಟಿಗೆಯನ್ನು ರಸ್ತೆಯ ನಡುವೆ ಇಟ್ಟಿದ್ದ ಎರಡು ಸ್ಟೂಲುಗಳ ಮೇಲೆ ಇಳಿಸಿ, ಕೆಂಪಾದ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಂಡರು. ಮುಂದಿನ ಆರು ಜನ ಕೋಟು ಬಿಚ್ಚತೊಡಗಿದರು.

ನಮ್ಮೂರು ವೀಲ್ ಮೆರಾದಲ್ಲಿ ತಾಮ್ರದ ಗಣಿ ಮುಚ್ಚಿ ತೊಂಬತ್ತು ವರ್ಷವಾಯಿತು. ಹೆಣ ಹೊರುವ ಕ್ರಮ ಮಾತ್ರ ಇವತ್ತಿಗೂ ಗಣಿಯವರದ್ದೇ. ಚರ್ಚಿನಿಂದ ಸ್ಮಶಾನದವರೆಗೆ ಕೈಯಲ್ಲೇ ಒಯ್ಯಬೇಕು, ದಾರಿಯುದ್ದಕ್ಕೂ ಹಾಡಬೇಕು. ಬಾಡಿಗೆಗೆ ಕರಿ ಕಾರು ಸಿಗುತ್ತದೆ. ಅದು ಅಡಿಲೇಡಿನಿಂದ ಬಂದು ಮನೆ ಮಾಡಿಕೊಂಡವರಿಗೆ. ಟ್ರೆಂಬಾತ್ ಮನೆತನದವರು ಸತ್ತರೆ ಹೊರುವವರು ಬದಲಾಗುವುದು ದಾರಿ ಬದಿಯಲ್ಲಿರುವ, ಮನೆತನದ ಮೂಲ ಅಜ್ಜಿ ಕೆಜಿಯಾಳ ಕಲ್ಲಿನ ಹತ್ತಿರ.

ಕಲ್ಲಿನ ಮೇಲೆ ನಾಲ್ಕು ಮಾತು ಕೆತ್ತಿದೆ. ಕೆಜಿಯಾ. ಕಡಲು ದಾಟಿ ಬಂದಳು. ಮೂವರು ಗಂಡಂದಿರನ್ನು ಮಣ್ಣಿಗೆ ಕೊಟ್ಟಳು. ಒಂದು ಮಗುವನ್ನೂ ಬಿಟ್ಟುಕೊಡಲಿಲ್ಲ. ಮೊದಲ ಗಂಡ ಗಣಿಯ ಬಾವಿಗೆ ಬಿದ್ದ. ಎರಡನೆಯವನು ವಿಷಮಜ್ವರದಲ್ಲಿ ಹೋದ. ಮೂರನೆಯವನು, ಅಂದರೆ ಟ್ರೆಂಬಾತ್, ಗೋಧಿ ಹೇರಿದ ಹಾಯಿದೋಣಿಯ ಜೊತೆ ಮುಳುಗಿದ. ನಮ್ಮೂರ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಕ್ಲೆಮ್ ಮತ್ತು ಎಲ್ವಾ ಆ ಮೂರನೆಯವನ ಮರಿಮಕ್ಕಳು.

"ಈ ಕಲ್ಲಿನ ಹಿಂದುಮುಂದೆಲ್ಲ ಎಲ್ವಾಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ," ಎಂದಳು ಚರ್ಚಿನ ಮಹಿಳಾ ಸಂಘದ ಬೆರಿಲ್. "ಶಾಲೆ ಕ್ಯಾಂಟೀನ್ ಕೆಲಸ ಮುಗಿಸಿದ್ರೆ ಆ ಹಳೇ ಕಾಗದಗಳೇ ಅವಳ ಲೋಕ. ಗಂಡ ಮಕ್ಕಳು ಇಲ್ಲದವಳಿಗೆ ಒಂದು ಗೀಳಾದರೂ ಬೇಕಿತ್ತಲ್ಲ ಪಾಪ."

ಕ್ಲೆಮ್‌ನ ಮಗಳು ಟ್ಯಾಮ್ಸಿನ್ ಕೋಟಿನ ಜೇಬಿನಲ್ಲಿ ಮಡಿಸಿಟ್ಟಿದ್ದ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅದನ್ನು ಅವಳ ಅಪ್ಪ ಗಮನಿಸಿದ.

ಟ್ರೆಂಬಾತ್ ಮನೆತನಕ್ಕೆ ತಮ್ಮದೇ ಒಂದು ಕ್ರಮವೂ ಇದೆ. ಗುಂಡಿಯ ಪಕ್ಕದಲ್ಲಿ, ಮಣ್ಣು ಹಾಕುವ ಮೊದಲು, ಕೆಜಿಯಾಳಿಂದ ಹಿಡಿದು ಸತ್ತವರವರೆಗೆ, ಸತ್ತವರ ಮಕ್ಕಳವರೆಗೆ, ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಅದಕ್ಕೆ 'ಸಾಲು ಓದುವುದು' ಎನ್ನುತ್ತಾರೆ. ಸಾಲಿನಲ್ಲಿ ಓದಿಸಿಕೊಂಡವರು ಈ ಮನೆಯವರು, ಓದಿಸಿಕೊಳ್ಳದವರು ಅಲ್ಲ, ಅಷ್ಟೇ. ಮೂವತ್ತು ವರ್ಷದಿಂದ ಓದುತ್ತಿದ್ದವನು ಕ್ಲೆಮ್. ಈಗ ಕಣ್ಣಿಗೆ ಪೊರೆ ಬಂದು ಮಗಳಿಗೆ ಒಪ್ಪಿಸಿದ್ದ.

"ಹಾಳೆ ಕೊಡು, ಒಂದ್ಸಲ ನೋಡ್ತೀನಿ," ಎಂದ.

"ಕಣ್ಣು ಕಾಣಲ್ಲ ಅಂತ ತಾನೇ ನನಗೆ ಓದು ಅಂದಿದ್ದು? ಈಗೇನು ನೋಡ್ತೀಯ?"

"ಎಲ್ವಾ ಬರೆದಿದ್ದಾ ಅದು?"

"ಹೂಂ."

ಕ್ಲೆಮ್ ಸುತ್ತ ನೋಡಿ ದನಿ ತಗ್ಗಿಸಿದ. "ಮನೆ ಬೈಬಲಿನಲ್ಲಿ ಬರೆದಿದೆಯಲ್ಲ, ಅದನ್ನ ಓದು. ನಮ್ಮಜ್ಜ ಕೈಯಾರೆ ಬರೆದಿದ್ದು. ಅದಕ್ಕಿಂತ ಬೇಕಾ ನಿಂಗೆ?"

"ಅದರಲ್ಲಿ ಎರಡು ಹೆಸರು ಕಮ್ಮಿ ಇದೆ, ಅಪ್ಪ."

ಯಾವ ಎರಡು ಎಂದು ಅವನು ಕೇಳಲಿಲ್ಲ. "ಎತ್ರಪ್ಪಾ, ಎತ್ತಿ!" ಎಂದು ಹೊರುವವರ ಕಡೆ ತಿರುಗಿ, ಅವರು ಸರಿಯಾಗಿ ಹಿಡಿದುಕೊಳ್ಳುವ ಮೊದಲೇ ಹಾಡು ಎತ್ತಿದ.

•

ಎಲ್ವಾಗೆ ಆಗ ಹದಿನೆಂಟು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಹುಡುಗ ಕುರಿ ಉಣ್ಣೆ ಕತ್ತರಿಸುವ ತಂಡದ ಜೊತೆ ಬಂದು, ಅದೇ ತಂಡದ ಜೊತೆ ಉತ್ತರಕ್ಕೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ವಿಷಯ ತಿಳಿದ ದಿನ ಅಮ್ಮ ಕೂಗಾಡಲಿಲ್ಲ. ಕೂತು ಬಟಾಣಿ ಸುಲಿಯುತ್ತಿದ್ದವಳು ಸುಲಿಯುತ್ತಲೇ ಇದ್ದಳು.

"ನಾನೇ ಸಾಕ್ತೀನಿ ಅಮ್ಮ," ಎಂದಳು ಎಲ್ವಾ. "ಕೆಜಿಯಾ ಸಾಕಲಿಲ್ವಾ, ಒಬ್ಬಳೇ, ಅಷ್ಟು ಮಕ್ಕಳನ್ನ?"

"ಕೆಜಿಯಾ ಬೆರಳಲ್ಲಿ ಮೂರು ಉಂಗುರ ಇತ್ತು ಕಣೇ," ಎಂದಳು ಅಮ್ಮ. "ನಿಂದ್ರಲ್ಲಿ ಒಂದಾದ್ರೂ ಇದೆಯಾ?"

ಕೆಜಿಯಾ ಅಮ್ಮನ ರಕ್ತಸಂಬಂಧಿಯೇ ಅಲ್ಲ, ಗಂಡನ ಅಜ್ಜಿ. ಆದರೂ ಆ ಕಲ್ಲನ್ನು ವರ್ಷಕ್ಕೊಮ್ಮೆ ಸೋಪು ಹಾಕಿ ಉಜ್ಜುತ್ತಿದ್ದವಳು ಅಮ್ಮನೇ. ಸೊಸೆಯಾಗಿ ಬಂದವರಿಗೆ ಮನೆತನದ ಹುಚ್ಚು ಒಂದು ಕೈ ಮೇಲೇ ಇರುತ್ತದೆ.

ಹೊಟ್ಟೆ ಕಾಣುವ ಮೊದಲೇ ಕ್ಲೆಮ್ ತಂಗಿಯನ್ನು ಟ್ರಕ್ಕಿನಲ್ಲಿ ಅಡಿಲೇಡಿಗೆ ಕರೆದೊಯ್ದು ಒಂದು ಹೆರಿಗೆ ಮನೆಯಲ್ಲಿ ಬಿಟ್ಟು ಬಂದ. ಊರಿಗೆಲ್ಲ ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಹೇಳಿದ್ದಾಯಿತು. ಐದು ತಿಂಗಳ ನಂತರ ಮತ್ತೆ ಕರೆಯಲು ಹೋದಾಗ, ಮಗುವನ್ನು ದತ್ತು ಕೊಡುವ ಕಾಗದಕ್ಕೆ ಸಾಕ್ಷಿಯ ಸಹಿ ಬೇಕು ಎಂದರು. ಹಾಕಿದ. ಮಗುವಿನ ಮುಖವನ್ನು ಎಲ್ವಾಗೆ ತೋರಿಸಿರಲಿಲ್ಲ. ಹೆರುವಾಗ ಎದೆಯ ಮೇಲೆ ದಿಂಬು ಅಡ್ಡ ಹಿಡಿದಿದ್ದರಂತೆ. ಹೆಣ್ಣು ಎಂದು ಮಾತ್ರ ಹೇಳಿದ್ದರು. ಅವಳು ಮನಸ್ಸಿನಲ್ಲೇ ವೆನ್ನಾ ಎಂದು ಹೆಸರಿಟ್ಟಳು.

ವಾಪಸು ಬರುವಾಗ ಅವಳ ರವಿಕೆ ಎರಡೂ ಕಡೆ ಒದ್ದೆಯಾಯಿತು. ಕ್ಲೆಮ್ ರಸ್ತೆಯಿಂದ ಕಣ್ಣು ತೆಗೆಯದೆ, "ಕೋಟು ಹಾಕ್ಕೋ, ಊರು ಬಂತು," ಎಂದ.

ಆ ಶುಕ್ರವಾರ ಎಲ್ವಾ ಎಂದಿನಂತೆ ಮಾಂಸ ಆಲೂಗಡ್ಡೆ ತುಂಬಿದ ಪೇಸ್ಟಿ ಬೇಯಿಸಿದಳು. ನಮ್ಮಲ್ಲಿ ಯಾರದು ಯಾವುದು ಎಂದು ತಿಳಿಯಲು ಪ್ರತಿಯೊಂದರ ಮೂಲೆಗೂ ತಿನ್ನುವವರ ಹೆಸರಿನ ಮೊದಲಕ್ಷರ ಹಿಟ್ಟಿನಲ್ಲಿ ಅಂಟಿಸುತ್ತಾರೆ. ಮನೆಯಲ್ಲಿದ್ದವರು ನಾಲ್ಕು ಜನ, ತಟ್ಟೆಯಲ್ಲಿ ಇದ್ದದ್ದು ಐದು. ಐದನೆಯದರ ಮೇಲೆ 'ವೆ' ಎಂದಿತ್ತು. ಅಪ್ಪ ಕಿಟಕಿ ನೋಡಿದ. ಕ್ಲೆಮ್ ತನ್ನದನ್ನು ಎತ್ತಿಕೊಂಡ. ಅಮ್ಮ ಆ ಐದನೆಯದನ್ನು ತನ್ನ ತಟ್ಟೆಗೆ ಹಾಕಿಕೊಂಡು, ಅಕ್ಷರವಿದ್ದ ಮೂಲೆಯಿಂದಲೇ ತಿನ್ನಲು ಶುರು ಮಾಡಿದಳು.

•

ಸ್ಮಶಾನದ ಗೇಟು ಕಾಣುವಷ್ಟರಲ್ಲಿ ಒಂದು ಹಾಡು ಮುಗಿದು, ಕ್ಲೆಮ್ ಮತ್ತೆ ಮಗಳ ಪಕ್ಕಕ್ಕೆ ಬಂದ. ಬಿಸಿಲಿಗೆ ಅವನ ಕತ್ತು ಕೆಂಪಾಗಿತ್ತು.

"ನಿನಗೆ ಯಾವಾಗ ಹೇಳಿದ್ಲು?"

"ಆಸ್ಪತ್ರೇಲಿ. ಮೂರು ವಾರ ಆಯ್ತು."

"ಏನಂದ್ಲು ನನ್ನ ಬಗ್ಗೆ?"

"ನಿಮ್ಮಪ್ಪ ಕೆಟ್ಟವನಲ್ಲ, ಗಾಡಿ ಓಡಿಸಿದ ಅಷ್ಟೇ ಅಂದ್ಲು."

"ನೋಡು, ಆ ಮಗೂನೇ ದೊಡ್ಡವಳಾಗಿ ತನ್ನ ಸುದ್ದಿ ಬೇಡ ಅಂತ ಬರೆದುಕೊಟ್ಟಿದ್ದಾಳೆ. ಒಂದು ಸಲ ಅಲ್ಲ, ಐದು ಸಲ. ಅವಳಿಗೇ ಬೇಡವಾದದ್ದನ್ನ ಊರ ಮುಂದೆ ಕೂಗೋಕೆ ನೀನ್ಯಾರು?"

"ಅವಳ ಈಗಿನ ಹೆಸರು ನಂಗೆ ಗೊತ್ತೇ ಇಲ್ಲ. ನಾನು ಓದೋದು ಅತ್ತೆ ಇಟ್ಟ ಹೆಸರು. ಅದು ಅತ್ತೇದು."

"ನಾನು ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಕಣೇ."

"ನಾನು ಅತ್ತೆಗೆ ಕೊಟ್ಟಿದ್ದೀನಿ."

"ಅಮ್ಮ ಸತ್ತು ಇಪ್ಪತ್ತು ವರ್ಷ ಆಯ್ತು ಅಂತ ಹೇಳ್ಬೇಡ. ಮಾತು ಮಾತೇ."

"ಆ ಇಪ್ಪತ್ತು ವರ್ಷದ ಹಿಂದೆ ಹಾಸಿಗೆ ಹಿಡಿದ ಅಜ್ಜಿಯ ಮಲಮೂತ್ರ ತೆಗೆದದ್ದು ಯಾರು, ಅದನ್ನೂ ಹೇಳು," ಎಂದಳು ಟ್ಯಾಮ್ಸಿನ್.

•

ನಲವತ್ತೈದನೇ ವಯಸ್ಸಿನಲ್ಲಿ ಎಲ್ವಾ ಕೆಜಿಯಾಳ ಚರಿತ್ರೆ ಹುಡುಕಲು ಹೊರಟಳು ಎಂದು ನಾವೆಲ್ಲ ತಿಳಿದಿದ್ದೆವು. ಕ್ಲೆಮ್‌ಗಂತೂ ಹಿಗ್ಗು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ವರ್ಷ ದತ್ತು ಕೊಟ್ಟ ಮಕ್ಕಳ ಕಡತಗಳನ್ನು ತೆರೆಯಬಹುದು ಎಂದು ಕಾನೂನು ಬಂತು. ಮೊದಲ ಗುರುವಾರವೇ ಬಸ್ಸು ಹತ್ತಿ ಅಡಿಲೇಡಿಗೆ ಹೋಗಿ ಅರ್ಜಿ ಕೊಟ್ಟಳು. ಕೈಯಲ್ಲಿದ್ದ ಸಮಯ ಕಳೆಯಲು ದಾಖಲೆ ಭಂಡಾರಕ್ಕೆ ಹೋಗಿ ಕೂತಳು. ಆಮೇಲೂ ಎಷ್ಟೋ ಗುರುವಾರ ಹಾಗೇ ಹೋದಳು. ಕೇಳಿದವರಿಗೆ ಹೇಳಲು ಕೆಜಿಯಾ ಇದ್ದಳಲ್ಲ.

ಉತ್ತರ ಎರಡು ಸಾಲಿನಲ್ಲಿ ಬಂತು. ಮಗಳು ತನ್ನ ಬಗ್ಗೆ ಯಾವ ವಿವರವನ್ನೂ ಕೊಡಬಾರದೆಂದು ತಡೆ ಹಾಕಿದ್ದಾಳೆ. ತಡೆಯ ಅವಧಿ ಐದು ವರ್ಷ. ಎಲ್ವಾ ಐದು ವರ್ಷ ಕಾದು ಮತ್ತೆ ಕೇಳಿದಳು. ಅದೇ ಎರಡು ಸಾಲು. ಮತ್ತೆ ಐದು, ಮತ್ತೆ ಐದು, ಮತ್ತೆ ಐದು. ಒಟ್ಟು ಐದು ಕಾಗದಗಳು ಬಂದವು. ಕೊನೆಗೆ ಅವನ್ನು ಕ್ಲೆಮ್‌ಗೂ ತೋರಿಸಿದಳು.

ಆ ಕಾಯುವ ಗುರುವಾರಗಳಲ್ಲೇ ಹಳೇ ಕಾಗದಗಳ ನಡುವೆ ಅವಳಿಗೆ ಡಾರ್ಕಸ್ ಸಿಕ್ಕಿದ್ದು. ಕೆಜಿಯಾಗೆ ಎರಡನೆಯ ಗಂಡನಿಂದ ಹುಟ್ಟಿದ ಮಗಳು. ಟ್ರೆಂಬಾತ್ ಅವಳ ಮೊದಲ ಗಂಡನ ಗಂಡುಮಕ್ಕಳಿಬ್ಬರನ್ನು ಒಪ್ಪಿಕೊಂಡ, ಗಣಿಗೆ ಕಳಿಸಬಹುದಲ್ಲ. ಹೆಣ್ಣು ಬೇಡ ಎಂದ. ಕೆಜಿಯಾ ಮೂರನೆಯ ಮದುವೆಯ ಹಿಂದಿನ ವಾರ ಏಳು ವರ್ಷದ ಹುಡುಗಿಯನ್ನು ಒಂದು ಗೋಧಿ ಹೊಲದ ಮನೆಗೆ ಕೊಟ್ಟಳು. ಆ ಊರಿನ ಸಾವಿನ ಪುಸ್ತಕದಲ್ಲಿ ಆರು ವರ್ಷದ ನಂತರ ಒಂದು ನಮೂದು ಇತ್ತು: ಡಾರ್ಕಸ್, ಕೆಲಸದ ಹುಡುಗಿ, ಹದಿಮೂರು ವರ್ಷ, ಸುಟ್ಟ ಗಾಯ, ತಂದೆತಾಯಿ ಗೊತ್ತಿಲ್ಲ. ಗೊತ್ತಿಲ್ಲದ ಆ ತಾಯಿ ಹನ್ನೆರಡು ಮೈಲಿ ಈಚೆ ರೊಟ್ಟಿ ಸುಡುತ್ತಿದ್ದಳು.

ಎಲ್ವಾ ಅದನ್ನು ನಕಲು ಮಾಡಿಸಿ ಮನೆಗೆ ತಂದು, ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು.

"ಅದನ್ನ ನಮ್ಮತ್ತೆ ಸಾಯೋ ಮುಂಚೆ ಹೇಳಿದ್ಲು," ಎಂದಳು.

"ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ಆ ಕಲ್ಲು ಉಜ್ಜಿದೆಯಾ? ಗೊತ್ತಿದ್ದೂ ನನಗೆ ಉಂಗುರದ ಮಾತು ಹೇಳಿದೆಯಾ?"

"ದಿಂಬು ಸರಿ ಮಾಡೇ," ಎಂದಳು ಅಮ್ಮ.

ಎಲ್ವಾ ದಿಂಬು ಸರಿ ಮಾಡಿದಳು. ಮುಂದಿನ ಎರಡು ವರ್ಷವೂ ಮಾಡಿದಳು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

•

ಪೆಟ್ಟಿಗೆ ಕೆಳಗಿಳಿಯಿತು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಪಾದ್ರಿಣಿ ಪ್ರಾರ್ಥನೆ ಮುಗಿಸಿ ಟ್ಯಾಮ್ಸಿನ್‌ಗೆ ತಲೆಯಾಡಿಸಿದಳು. ಟ್ಯಾಮ್ಸಿನ್ ಹಾಳೆ ಬಿಡಿಸಿದಳು.

"ಕೆಜಿಯಾ. ಅವಳ ಮೊದಲ ಗಂಡ ಸೈಲಸ್, ಅವರ ಮಕ್ಕಳು ಜೇಬೆಜ್, ಹೆನ್ರಿ. ಎರಡನೆಯ ಗಂಡ ಜೇಮ್ಸ್, ಅವರ ಮಗಳು ಡಾರ್ಕಸ್. ಏಳನೇ ವರ್ಷದಲ್ಲಿ ಬಿಟ್ಟುಕೊಟ್ಟದ್ದು."

ತಲೆಗಳು ಮೇಲೆದ್ದವು. "ಯಾರದು ಡಾರ್ಕಸ್?" ಎಂದು ಬೆರಿಲ್ ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಟ್ಯಾಮ್ಸಿನ್ ನಿಲ್ಲಿಸಲಿಲ್ಲ. ಟ್ರೆಂಬಾತ್ ಹೆಸರು ಓದಿದಳು, ಅಜ್ಜನ ಅಪ್ಪನ ಹೆಸರು ಓದಿದಳು, ಅಜ್ಜ ಅಜ್ಜಿಯ ಹೆಸರು ಓದಿದಳು. "ಅವರ ಮಕ್ಕಳು ಕ್ಲೆಮ್, ಎಲ್ವಾ. ಎಲ್ವಾಳ ಮಗಳು..."

ಕ್ಲೆಮ್ ಹಾಡು ಎತ್ತಿದ.

ಹಾಡು ಎತ್ತಿದರೆ ನಮ್ಮವರ ಬಾಯಿ ತಾನಾಗಿ ತೆರೆಯುತ್ತದೆ, ಕಾರಣ ಕೇಳುವುದಿಲ್ಲ. ನಲವತ್ತು ಗಂಡಸರು ನಾಲ್ಕು ದನಿಯಲ್ಲಿ ಹಿಡಿದುಕೊಂಡರು. ಟ್ಯಾಮ್ಸಿನ್‌ಳ ತುಟಿ ಆಡಿದ್ದು ಕಂಡಿತು, ಹೆಸರು ಕೇಳಲಿಲ್ಲ. ಅವಳು ಕಾದಳು. ನಾಲ್ಕು ಚರಣ ಮುಗಿಯಿತು.

"ಎಲ್ವಾಳ ಮಗಳು," ಎಂದು ಅವಳು ಮತ್ತೆ ಶುರು ಮಾಡಿದಳು. ಕ್ಲೆಮ್ ಮೊದಲ ಚರಣವನ್ನೇ ಮತ್ತೆ ಎತ್ತಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ಹಾಡಿದರು. ಪಾದ್ರಿಣಿ ಪುಸ್ತಕದಲ್ಲಿ ಯಾವುದೋ ಪುಟ ಹುಡುಕಿದಳು.

ಮೂರನೆಯ ಸಲ ಎತ್ತಿದಾಗ ಹಿಂದಿನ ಸಾಲಿನವರು ಬಿಟ್ಟರು. ಆಮೇಲೆ ಪೆಟ್ಟಿಗೆ ಹೊತ್ತವರು ಬಿಟ್ಟರು. ಬೆರಿಲ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಳು. ಕೊನೆಗೆ ಉಳಿದದ್ದು ಕ್ಲೆಮ್ ಒಬ್ಬನೇ. ಅವನು ಚರ್ಚಿನಲ್ಲಿ ಐವತ್ತು ವರ್ಷದಿಂದ ಹಾಡಿದ್ದು ಕೆಳದನಿಯ ಪಾಲು. ರಾಗ ಯಾವಾಗಲೂ ಬೇರೆಯವರದು. ಈಗ ರಾಗ ಹಾಡುವವರು ಯಾರೂ ಇರಲಿಲ್ಲ. ಒಂದೇ ಸ್ವರದ ಮೇಲೆ ಪದಗಳನ್ನು ಕುಟ್ಟುತ್ತ, ಅದು ಯಾವ ಹಾಡು ಎಂದೇ ತಿಳಿಯದ ಹಾಗೆ, ಅವನು ಮುಂದುವರಿಸಿದ. ಉಸಿರಿಗೆಂದು ಅವನು ನಿಂತಲ್ಲಿ ಟ್ಯಾಮ್ಸಿನ್ ಬಾಯಿ ತೆರೆದಳು. ಅವಳು ಬಾಯಿ ತೆರೆದ ಕೂಡಲೇ ಅವನು ಮತ್ತೆ ಶುರು ಮಾಡಿದ. ಕಣ್ಣೀರು ಮೂಗಿನ ಪಕ್ಕ ಇಳಿದು ಬಾಯೊಳಗೆ ಹೋಗುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಹಾಡು ನಿಲ್ಲಿಸಲೂ ಇಲ್ಲ. ಟ್ಯಾಮ್ಸಿನ್ ಹಾಳೆ ಹಿಡಿದು ಕಾಯುತ್ತ ನಿಂತಳು.