ಸಸಿಯ ಊಟಕ್ಕೆ ಬೆಂಕಿ ಇಟ್ಟವರು ಯಾರು?

ಅಂಗಳದ ಸಸಿಮಡಿಗಳ ನಡುವೆ ನಿಂತ ಅತ್ತಿಗೆಯ ಮುಖ ಕೆಂಡವಾಗಿತ್ತು. ಎರಡು ಸಾವಿರ ಓಕ್ ಸಸಿಗಳು, ಎಲ್ಲವೂ ಹಳದಿ. ಹೋದ ವರ್ಷದ ಮಳೆಗೆ ಮನೆ ಹಿಂದಿನ ಬೋಳುಗುಡ್ಡ ಜರಿದು ಅವಳ ಅಡುಗೆಮನೆಯ ಗೋಡೆಯನ್ನೇ ಒಳಗೆ ತಳ್ಳಿತ್ತು. ಗುಡ್ಡದ ಮಣ್ಣು ಹಿಡಿದು ನಿಲ್ಲಿಸಲೆಂದೇ ಈ ಸಸಿಗಳು. ನೆಲ ಹೆಪ್ಪುಗಟ್ಟುವ ಮೊದಲು ನೆಡಬೇಕು. ಉಳಿದದ್ದು ಹತ್ತೇ ವಾರ.

"ಎಲ್ಲಾ ನಿನ್ನ ಕೆಲಸ!" ಎಂದು ಮೈದುನನ ಮೇಲೆ ಹರಿಹಾಯ್ದಳು. ಅವನು ಸಾಮಿಲ್ಲಿನಲ್ಲಿ ಮರ ಕೊಯ್ಯುವವನು. ವಸಂತದಲ್ಲಿ ಹದಿನೈದು ಚೀಲ ಹಸಿ ಮರದ ಹೊಟ್ಟು ತಂದು ಮಡಿಗಳಿಗೆ ಅಗೆದು ಬೆರೆಸಿದ್ದ.

"ಮಣ್ಣು ಸಡಿಲ ಆಗ್ಲಿ ಅಂತ ಹಾಕ್ದೆ ಅತ್ತಿಗೆ. ಮರದ್ದೇ ಹೊಟ್ಟು, ಮರಕ್ಕೆ ಆಗಲ್ವಾ?"

"ನಿನ್ನ ತಲೇಲಿರೋ ಹೊಟ್ಟನ್ನೂ ಸೇರಿಸಿದ್ಯಾ ಹೇಗೆ?"

ಅಷ್ಟರಲ್ಲಿ ಕಾಡು ಕಾಯುವ ಹೆಂಗಸು ಬಂದಳು. ವರ್ಷವಿಡೀ ಕೆಸರಿನ ಬೂಟು ಕಳಚದವಳು, ಎಲ್ಲರ ಬಾಯಲ್ಲಿ ಬೂಟಕ್ಕ. ಮಂಡಿಯೂರಿ ಒಂದು ಹಿಡಿ ಮಣ್ಣು ಕೆದಕಿ ನೋಡಿದಳು.

"ಮಣ್ಣಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ ಕಣಮ್ಮ. ಹೊಟ್ಟು ಅರಗಿಸಿಕೊಳ್ಳೋಕೆ ಅವಕ್ಕೆ ಸಾರಜನಕ ಬೇಕು. ಹೊಟ್ಟಲ್ಲಿ ಅದು ಇರೋದು ಚೂರೇ ಚೂರು. ಅದಕ್ಕೆ ಮಣ್ಣಲ್ಲಿದ್ದದ್ದನ್ನ ಅವೇ ಬಾಚಿಕೊಂಡ್ವು. ಸಸಿ ಮುಂದೆ ಖಾಲಿ ತಟ್ಟೆ."

"ಕೇಳಿದ್ಯಾ?" ಎಂದಳು ಅತ್ತಿಗೆ.

ಮೈದುನ ಬಿಡಲಿಲ್ಲ. "ಕಾಡಲ್ಲೂ ಮರ ಬಿದ್ದು ಕೊಳೆಯುತ್ತೆ. ಅಲ್ಲಿ ಯಾವ ಸಸಿ ಹಳದಿ ಆಗಿದೆ?"

"ಅಲ್ಲಿ ಯಾರೂ ಹುಡಿ ಮಾಡಿ ಬೇರಿಗೆ ತುರುಕಲ್ಲಪ್ಪ. ನೆಲದ ಮೇಲೆ ನಿಧಾನಕ್ಕೆ ಕೊಳೆಯುತ್ತೆ. ಜೊತೆಗೆ ವರ್ಷ ವರ್ಷ ಎಲೆ ಬೀಳುತ್ತೆ. ಎಲೆ ತಿಂದ ಜೀವಿಗಳು ಸತ್ತಾಗ ಅವುಗಳ ಮೈಲಿದ್ದ ಸಾರಜನಕ ಸ್ವಲ್ಪ ಸ್ವಲ್ಪವಾಗಿ ಬೇರಿಗೆ ಸಿಗುತ್ತೆ." ಬೂಟಕ್ಕ ಸುತ್ತ ನೋಡಿದಳು. "ಇಲ್ಲಿ ಎಲೆ ಎಲ್ಲಿ?"

ಈಗ ಅತ್ತಿಗೆಗೆ ಚುರುಕು ಮುಟ್ಟಿತು. ಎಂಟು ವರ್ಷದಿಂದ ಒಂದೊಂದು ಎಲೆಯನ್ನೂ ಕಬ್ಬಿಣದ ಹಲ್ಲಿನ ಹಲುಬೆಯಿಂದ ಬಾಚಿ ಸುಟ್ಟವಳು ಅವಳೇ.

"ಕಸ ಇಟ್ಕೊಂಡು ಕೂರಬೇಕಿತ್ತಾ? ನನ್ನ ಅಂಗಳ ನೋಡಿ ಊರೇ ಹೊಗಳುತ್ತೆ!"

"ಹೊಗಳ್ಲಿ. ಸಸಿ ಊಟ ಹೊಗೆಯಾಗಿ ಹೋಯ್ತು. ಬೋಳು ಮಣ್ಣಲ್ಲಿ ಉಳಿದದ್ದನ್ನ ಮಳೆ ತೊಳ್ಕೊಂಡು ಹೋಯ್ತು. ನಂಬಿಕೆ ಇಲ್ಲಾಂದ್ರೆ ನೀರಿನ ತೊಟ್ಟಿ ಹಿಂದೆ ಬಾ."

ತೊಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಹಲುಬೆ ಹೋಗುತ್ತಿರಲಿಲ್ಲ. ಅಲ್ಲಿ ತಾವಾಗಿ ಹುಟ್ಟಿದ ಒಂಬತ್ತು ಓಕ್ ಸಸಿಗಳು ಮೊಣಕಾಲೆತ್ತರಕ್ಕೆ ಕಡುಹಸಿರಾಗಿ ನಿಂತಿದ್ದವು. ಅತ್ತಿಗೆ ಹಳೆಯ ಎಲೆಗಳೊಳಗೆ ಕೈ ತೂರಿಸಿದಳು. ಕೆಳಗೆ ಕಪ್ಪು ಮಣ್ಣು ತಣ್ಣಗೆ, ಹತ್ತಿಯಂತೆ ಹಗುರಾಗಿತ್ತು.

ಬೈಯಲು ಇನ್ನಾರೂ ಉಳಿದಿರಲಿಲ್ಲ. ಸೊಂಟದಲ್ಲಿದ್ದ ಬೆಂಕಿಪೊಟ್ಟಣ ತೆಗೆದು ತೊಟ್ಟಿಗೆ ಎಸೆದಳು. "ಎಂಟು ವರ್ಷ! ಒಬ್ಬರಾದ್ರೂ ಹೇಳಬಾರದಿತ್ತಾ?"

"ಹೇಳೋಕೆ ಬಂದ ನನ್ನನ್ನ ಹಲುಬೆ ಹಿಡಿದು ಅಟ್ಟಿದ್ದು ಯಾರು?" ಎಂದಳು ಬೂಟಕ್ಕ.

ಅಂದೇ ಮಡಿಗಳಿಗೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬಿತ್ತು. ಮೈದುನ ಖಾಲಿ ಚೀಲ ಹೆಗಲಿಗೇರಿಸಿ, "ಕಾಡಿಂದ ಎಲೆ ತರ್ಲಾ?" ಎಂದ.

"ತಂದ್ರೆ ಕೈ ಮುರೀತೀನಿ! ಅದು ಆ ಮರಗಳ ಊಟ," ಎಂದಳು ಬೂಟಕ್ಕ.

ಎಲೆ ಉದುರುವ ಕಾಲ ಬಂದಾಗ, ಬೆಂಕಿ ಹಚ್ಚಲು ಹೊರಟಿದ್ದ ನೆರೆಮನೆಯವರಿಗೆ ಸಹಸ್ರನಾಮ ಮಾಡಿ ಅತ್ತಿಗೆ ಎಲೆರಾಶಿ ಕಿತ್ತು ತಂದಳು. ಹೊಸ ಹೊಟ್ಟು ಮಡಿಗೆ ಹೋಗಲಿಲ್ಲ. ಗೊಬ್ಬರದ ಗುಂಡಿಯಲ್ಲಿ ಕೊಳೆಯಲು ಬಿತ್ತು.

ಹಸಿರಾಗಿ ಬದುಕಿದ್ದು ಸಾವಿರದ ನೂರು ಸಸಿ. ಅವನ್ನು ನೆಟ್ಟಾಗ ಗುಡ್ಡದ ಕೆಳಗಿನ ಅರ್ಧ ತುಂಬಿತು. ಮೇಲಿನ ಅರ್ಧ ಇನ್ನೂ ಬೋಳು. ಮೋಡ ಕಟ್ಟಿದಾಗಲೆಲ್ಲ ಅತ್ತಿಗೆ ಅಡುಗೆಮನೆಯ ಗೋಡೆ ಮುಟ್ಟಿ ನೋಡುತ್ತಾಳೆ, ಹಲ್ಲು ಕಡಿಯುತ್ತಾಳೆ.

ಓದುತ್ತಿರುವ ತಾಯಿ, ಕೇಳುತ್ತಿರುವ ಅಣ್ಣ, ನಿಮ್ಮ ಅಂಗಳದಲ್ಲೂ ಎಲೆರಾಶಿ ಇದೆಯಲ್ಲವೇ? ಅದಕ್ಕೆ ಬೆಂಕಿ ಇಡಬೇಡಿ. ಮರದ ಬುಡಕ್ಕೆ ಹರಡಿ, ಉಳಿದದ್ದನ್ನು ಗುಂಡಿಯಲ್ಲಿ ಕೊಳೆಸಿ. ಹಸಿ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ. ಕಾಡಿನ ಎಲೆ ಕಾಡಿನಲ್ಲೇ ಇರಲಿ. ಅತ್ತಿಗೆ ಎಂಟು ವರ್ಷ ಸುಟ್ಟಳು. ನೀವು ಇವತ್ತೇ ನಿಲ್ಲಿಸಿ.